ಮದುವೆಗೆ 5 ತಿಂಗಳಿದೆ, ಈಗ ಮೂಗಿನ ಸರ್ಜರಿ ಮಾಡಿಸಬಹುದಾ?

ಪ್ರಶ್ನೆ: ನನಗೆ 26 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ನನ್ನ ಮೂಗಿನ ನಡುವೆ ಒಂದು ಉಬ್ಬು ಇದೆ, ತುದಿ ಸ್ವಲ್ಪ ಕೆಳಗೆ ಬಾಗಿದೆ. ಕಾಲೇಜಿನ ದಿನಗಳಿಂದಲೂ ಪಕ್ಕದಿಂದ ಫೋಟೋ ತೆಗೆಸಿಕೊಳ್ಳಲು ಹಿಂಜರಿಯುತ್ತೇನೆ. ಎಡಗಡೆ ಹೊಳ್ಳೆ ಯಾವಾಗಲೂ ಕಟ್ಟಿಕೊಂಡಿರುತ್ತದೆ. ‘ಮೂಳೆ ಬೆಳೆದಿದೆ’ ಎಂದು ಒಬ್ಬ ಡಾಕ್ಟರ್ ಹೇಳಿದ್ದರು. ಇನ್ನು 5 ತಿಂಗಳಿಗೆ ಮದುವೆ. ಅಷ್ಟರೊಳಗೆ ಸರ್ಜರಿ ಮಾಡಿಸಿಕೊಂಡರೆ ಎಲ್ಲ ಸರಿಹೋಗುತ್ತದಾ? ತುಂಬಾ ನೋವಿರುತ್ತದಾ? ಉಸಿರಾಟಕ್ಕೆ ತೊಂದರೆ ಆಗುತ್ತದಾ? ಮೂಗುತಿ ಮತ್ತೆ ಹಾಕಿಕೊಳ್ಳಬಹುದಾ? ಮಾಡಿಸಿದ ಮೇಲೆ ಇಷ್ಟವಾಗದಿದ್ದರೆ ಏನು ಗತಿ? ಅಮ್ಮನಿಗೆ ಅನಸ್ತೇಶಿಯಾ ಅಂದರೇ ಭಯ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೊದಲು ಮದುವೆಯ ವಿಷಯ ಮುಗಿಸೋಣ. ನನ್ನ ಸಲಹೆ ಕೇಳಿದರೆ, ಮದುವೆ ಆಗಲಿ, ಆಮೇಲೆ ಮಾಡಿಸಿ.

5 ತಿಂಗಳಲ್ಲಿ ಆಗುವುದೇ ಇಲ್ಲ ಅಂತಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಡಾಕ್ಟರನ್ನು ಹುಡುಕುವುದು, ಎರಡು ಸಲ ಕೂತು ಮಾತಾಡುವುದು, ಪರೀಕ್ಷೆಗಳು, ಆಫೀಸಿನ ರಜೆ, ಇಷ್ಟಕ್ಕೇ ಒಂದು ತಿಂಗಳು ಹೋಗುತ್ತದೆ. ಉಳಿಯುವುದು 4 ತಿಂಗಳು. ಅಷ್ಟು ಹೊತ್ತಿಗೆ ಉಬ್ಬು ಹೋಗಿರುವುದು ಚೆನ್ನಾಗಿಯೇ ಕಾಣುತ್ತದೆ. ತುದಿಯ ಊತ ಮಾತ್ರ ಇನ್ನೂ ಇರುತ್ತದೆ. ಬೆಳಿಗ್ಗೆ ಎದ್ದಾಗ ಜಾಸ್ತಿ, ಸಂಜೆಗೆ ಕಡಿಮೆ. ಮೂಗು ತನ್ನ ಕೊನೆಯ ರೂಪಕ್ಕೆ ಬರಲು ಒಂದು ವರ್ಷ ಬೇಕು. ಚರ್ಮ ದಪ್ಪ ಇರುವವರಿಗೆ ಅದಕ್ಕಿಂತಲೂ ತಡವಾಗಬಹುದು. ಈ ಒಂದು ವರ್ಷದ ಮಾತನ್ನು ಯಾರೂ ಮೊದಲೇ ಬಿಡಿಸಿ ಹೇಳಿರುವುದಿಲ್ಲ. ಸರ್ಜರಿ ಆದವರ ಸಂಕಟದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹುಟ್ಟುತ್ತದೆ. ಸರ್ಜರಿ ಚೆನ್ನಾಗಿಯೇ ಆಗಿರುತ್ತದೆ, ಆದರೂ ಮೂರನೇ ತಿಂಗಳಲ್ಲಿ ಕನ್ನಡಿ ಮುಂದೆ ನಿಂತು ಅಳುತ್ತಾರೆ. ಅಂಥ ತಿಂಗಳಲ್ಲಿ ನೀವು ಮುಹೂರ್ತದ ಸೀರೆ ಉಟ್ಟು ಕ್ಯಾಮೆರಾ ಮುಂದೆ ಕೂರುವುದು ನನಗೆ ಇಷ್ಟವಿಲ್ಲ. ಏನಾದರೂ ಸಣ್ಣ ಏರುಪೇರಾದರೆ ಸರಿಪಡಿಸಲು ಸಮಯವೂ ಇರುವುದಿಲ್ಲ. ಮದುವೆಗೆ ಹತ್ತು ಹನ್ನೆರಡು ತಿಂಗಳು ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಇನ್ನೊಂದು ಮಾತು. ಕಾಲೇಜಿನಿಂದಲೂ ಹೀಗೇ ಅನ್ನಿಸುತ್ತಿದೆ ಎಂದಿದ್ದೀರಿ. ಉಬ್ಬು, ಬಾಗಿದ ತುದಿ ಎಂದು ಬೆರಳಿಟ್ಟು ತೋರಿಸಿದ್ದೀರಿ. ಇದು ಒಳ್ಳೆಯ ಲಕ್ಷಣ. ಬಹಳ ಕಾಲದಿಂದ ಇರುವ, ಹೇಳಿ ತೋರಿಸಬಹುದಾದ ಒಂದು ಬೇಸರಕ್ಕೆ ಸರ್ಜರಿಯಿಂದ ಸಮಾಧಾನ ಸಿಗುವ ಸಾಧ್ಯತೆ ಜಾಸ್ತಿ. ‘ಹುಡುಗನ ಕಡೆಯವರು ಅಂದರು’ ಅಂತಲೋ, ಗೆಳತಿ ಮಾಡಿಸಿಕೊಂಡಳು ಅಂತಲೋ ಬರುವವರನ್ನು ನಾನು ವಾಪಸ್ ಕಳಿಸಿ ಯೋಚಿಸಿ ಬನ್ನಿ ಎನ್ನುತ್ತೇನೆ. ಇನ್ನು ಕೆಲವರು ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲಿ ಮೂಗನ್ನೇ ನೋಡುತ್ತಾರೆ, ಬೇರೆಯವರ ಕಣ್ಣಿಗೆ ಕಾಣದ ಕೊರೆ ಅವರಿಗೆ ದೊಡ್ಡದಾಗಿ ಕಾಣುತ್ತದೆ, ಅದಕ್ಕಾಗಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿರುತ್ತಾರೆ. ಅದು ಮನಸ್ಸಿಗೆ ಸಂಬಂಧಿಸಿದ ಒಂದು ಕಾಯಿಲೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಆದರೆ ಅದನ್ನು ಕೊಡಬೇಕಾದವರು ಮನೋವೈದ್ಯರು. ಅಂಥವರಿಗೆ ಚಾಕು ಹಾಕಿದರೆ ನೋವು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಮ್ಮ ಫೋಟೋಗಳ ಬಗ್ಗೆ ಒಂದು ವಿಷಯ ತಿಳಿದಿರಲಿ. ಸೆಲ್ಫಿ ನೋಡಿ ಮೂಗಿನ ಅಳತೆ ಹಾಕಬೇಡಿ. ಮೊಬೈಲ್ ಕ್ಯಾಮೆರಾ ಮುಖಕ್ಕೆ ಹತ್ತಿರ ಇದ್ದಾಗ ಕ್ಯಾಮೆರಾಗೆ ಎಲ್ಲಕ್ಕಿಂತ ಹತ್ತಿರ ಇರುವುದು ಮೂಗಿನ ತುದಿ. ಹಾಗಾಗಿ ಅದು ಊದಿಕೊಂಡಂತೆ ಬರುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಇದರ ಲೆಕ್ಕ ಹಾಕಿದರು. 5 ಅಡಿ ದೂರದಿಂದ ತೆಗೆದ ಫೋಟೋಗೆ ಹೋಲಿಸಿದರೆ 1 ಅಡಿಯಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದಂತೆ. ಹಾಗಾಗಿ ಬೇರೆಯವರ ಕೈಗೆ ಕ್ಯಾಮೆರಾ ಕೊಟ್ಟು, ಐದಾರು ಅಡಿ ದೂರದಿಂದ, ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಓರೆಯಾಗಿ ಒಂದೊಂದು ಫೋಟೋ ತೆಗೆಸಿ. ಡಾಕ್ಟರ ಹತ್ತಿರ ಹೋಗುವಾಗ ಅವನ್ನೇ ಒಯ್ಯಿರಿ.

ಈಗ ಉಸಿರಾಟ. ನಿಮ್ಮ ಪತ್ರದಲ್ಲಿ ಅದು ಮಧ್ಯೆ ಎಲ್ಲೋ ಬಂದಿದೆ. ನನ್ನ ಲೆಕ್ಕದಲ್ಲಿ ಅದೇ ಮೊದಲ ಪ್ರಶ್ನೆ.

‘ಮೂಳೆ ಬೆಳೆದಿದೆ’ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ, ನಿಜಕ್ಕೂ ಅಲ್ಲಿ ಹೊಸದಾಗಿ ಏನೂ ಬೆಳೆದಿರುವುದಿಲ್ಲ. ಎರಡು ಹೊಳ್ಳೆಗಳ ನಡುವೆ ಇರುವ ಗೋಡೆ ಒಂದು ಪಕ್ಕಕ್ಕೆ ಬಾಗಿರುತ್ತದೆ. ಎಲ್ಲರ ಮೂಗೂ ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆ ಸ್ವಲ್ಪ ಕಟ್ಟಿ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಅದು ಸಹಜ. ಆದರೆ ಯಾವಾಗ ನೋಡಿದರೂ ಎಡಗಡೆಯೇ ಕಟ್ಟಿರುತ್ತದೆ ಎಂದರೆ ಗೋಡೆಯ ಮೇಲೆ ಅನುಮಾನ ಬರುತ್ತದೆ. ಬೆಂಗಳೂರಿನ ಧೂಳಿಗೆ ಅಲರ್ಜಿ ಇದ್ದು ಒಳಗಿನ ಮಾಂಸ ಊದಿಕೊಂಡಿದ್ದರೂ ಹೀಗಾಗುತ್ತದೆ. ಎರಡೂ ಸೇರಿರುವವರೇ ಜಾಸ್ತಿ. ಅಲರ್ಜಿಗೆ ಮೊದಲು ಔಷಧಿ ಆಗಬೇಕು. ಸರ್ಜರಿಯಿಂದ ಅಲರ್ಜಿ ಹೋಗುವುದಿಲ್ಲ. ಮೂಗು ಬಿಡಿಸುವ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಆ ಡ್ರಾಪ್ಸ್ ಅಭ್ಯಾಸವಾದರೆ ಅದರಿಂದಲೇ ಮೂಗು ಕಟ್ಟುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಬಲ ಹೊಳ್ಳೆಯನ್ನು ಕೆಳಗಿನಿಂದ ಬೆರಳಲ್ಲಿ ಮೆಲ್ಲಗೆ ಮುಚ್ಚಿ. ಒತ್ತಬೇಡಿ, ಒತ್ತಿದರೆ ಗೋಡೆಯೇ ಸರಿಯುತ್ತದೆ. ಎಡ ಹೊಳ್ಳೆಯಿಂದ ಉಸಿರೆಳೆಯಿರಿ. ಈಗ ಇನ್ನೊಂದು ಕೈಯ ಎರಡು ಬೆರಳನ್ನು ಎಡ ಕೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ ಇಟ್ಟು ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿಯಿರಿ. ಮತ್ತೆ ಉಸಿರೆಳೆಯಿರಿ. ಎಳೆದಾಗ ಗಾಳಿ ಸಲೀಸಾಗಿ ಬಂತು ಎಂದರೆ ಹೊಳ್ಳೆಯ ಒಳಗಿರುವ ಸಂದು, ಮೂಗಿನಲ್ಲೇ ಅತಿ ಇಕ್ಕಟ್ಟಿನ ಜಾಗ ಅದು, ನಿಮಗೆ ಚಿಕ್ಕದಾಗಿರಬಹುದು. ಇದರಿಂದಲೇ ರೋಗ ನಿರ್ಧಾರ ಆಗುವುದಿಲ್ಲ, ಡಾಕ್ಟರ್ ಒಳಗೆ ದುರ್ಬೀನು ಹಾಕಿ ನೋಡಲೇಬೇಕು. ಆದರೂ ‘ಕೆನ್ನೆ ಎಳೆದರೆ ಉಸಿರು ಸಲೀಸಾಗುತ್ತೆ ಸಾರ್’ ಎಂದು ನೀವು ಹೇಳಿದರೆ ಅದು ಅವರಿಗೆ ತುಂಬಾ ಉಪಯೋಗದ ಮಾತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಮೂಗಿನ ಮೇಲ್ಭಾಗದ ಮೂರನೇ ಒಂದು ಪಾಲು ಮಾತ್ರ ಗಟ್ಟಿ ಎಲುಬು. ಕೆಳಗಿನದೆಲ್ಲ ಕಾರ್ಟಿಲೇಜ್, ಅಂದರೆ ಕಿವಿ ಮಡಚಿದರೆ ಮಡಚಿಕೊಳ್ಳುತ್ತದಲ್ಲ, ಆ ಮೆದು ಎಲುಬು. ನಿಮ್ಮ ಉಬ್ಬಿನಲ್ಲಿ ಎರಡೂ ಇರುತ್ತದೆ. ಉಬ್ಬನ್ನು ಉಜ್ಜಿ ತೆಗೆದರೆ ಮೂಗಿನ ಮೇಲ್ಭಾಗ ತೆರೆದುಕೊಂಡಂತಾಗಿ ಚಪ್ಪಟೆ ಕಾಣುತ್ತದೆ. ಅದನ್ನು ಮುಚ್ಚಲು ಎರಡೂ ಪಕ್ಕದ ಎಲುಬನ್ನು ಲೆಕ್ಕ ಹಾಕಿ ಕತ್ತರಿಸಿ ಒಳಕ್ಕೆ ತರುತ್ತಾರೆ. ‘ಮೂಗು ಮುರಿಯುತ್ತಾರಂತೆ’ ಎಂದು ಜನ ಹೆದರುವುದು ಇದಕ್ಕೇ. ಎಲುಬು ಒಳಕ್ಕೆ ಬಂದಾಗ ನಾನು ಹೇಳಿದ ಆ ಸಂದೂ ಕಿರಿದಾಗಬಹುದು. ಹಾಗಾಗದಿರಲು ನಡುಗೋಡೆಯ ಎರಡೂ ಪಕ್ಕ ಕಡ್ಡಿಯಂಥ ಕಾರ್ಟಿಲೇಜ್ ಚೂರುಗಳನ್ನು ಕೂರಿಸಿ ಸಂದನ್ನು ಅಗಲವಾಗಿ ಉಳಿಸುತ್ತಾರೆ. ಉಬ್ಬನ್ನು ಮೇಲಿನಿಂದ ಉಜ್ಜದೆ ಕೆಳಗಿನಿಂದ ತಗ್ಗಿಸುವ ಪ್ರಿಸರ್ವೇಷನ್ ಎಂಬ ವಿಧಾನವೂ ಇದೆ. ಎಲ್ಲ ಮೂಗಿಗೂ ಅದು ಹೊಂದುವುದಿಲ್ಲ.

ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ‘ಉಬ್ಬು ತೆಗೆದ ಮೇಲೆ ಉಸಿರಾಟ ಕೆಡದಂತೆ ಏನು ಮಾಡುತ್ತೀರಿ?’ ಉತ್ತರ ತಡವರಿಸದೆ ಬರಬೇಕು. ‘ಅದೇನೂ ಆಗಲ್ಲಮ್ಮ’ ಎಂದಷ್ಟೇ ಹೇಳಿ ಕಳಿಸಿದರೆ ಇನ್ನೊಬ್ಬರನ್ನು ನೋಡಿ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಬಾಗಿದ ಗೋಡೆಯನ್ನೂ ಹೊರಗಿನ ರೂಪವನ್ನೂ ಒಂದೇ ಅನಸ್ತೇಶಿಯಾದಲ್ಲಿ ಸರಿಪಡಿಸಬಹುದು. ಗೋಡೆಯಿಂದ ತೆಗೆದ ಕಾರ್ಟಿಲೇಜನ್ನೇ ತುದಿ ಎತ್ತಿ ನಿಲ್ಲಿಸಲು ಬಳಸಬಹುದು. ಆದರೆ ಗೋಡೆಯನ್ನು ಪೂರ್ತಿ ತೆಗೆಯುವ ಹಾಗಿಲ್ಲ. ಮೇಲೆ ಮತ್ತು ಮುಂದೆ ಕನಿಷ್ಠ 1 ಸೆಂಟಿಮೀಟರ್ ಅಗಲದ ಪಟ್ಟಿ ಉಳಿಯಲೇಬೇಕು. ಇಲ್ಲದಿದ್ದರೆ ಕಾಲಕ್ರಮೇಣ ಮೂಗು ನಡುವೆ ಕುಸಿಯುತ್ತದೆ. ಗೋಡೆಯ ಕಾರ್ಟಿಲೇಜ್ ಸಾಲದಿದ್ದರೆ ಕಿವಿಯಿಂದ, ತೀರಾ ಜಾಸ್ತಿ ಬೇಕಾದರೆ ಪಕ್ಕೆಲುಬಿನಿಂದ ತೆಗೆಯುತ್ತಾರೆ. ಸಿಲಿಕೋನ್ ತುಂಡು ಇಡುವವರೂ ಇದ್ದಾರೆ. ಅದು ವರ್ಷಗಳ ನಂತರವೂ ಸೋಂಕಾಗಿ ಚರ್ಮ ತೂರಿ ಹೊರಬರಬಹುದು, ಹಾಗಾಗಿ ನನ್ನ ಒಲವು ಯಾವಾಗಲೂ ನಮ್ಮದೇ ದೇಹದ ಕಾರ್ಟಿಲೇಜ್ ಕಡೆಗೆ.

ವಿಮೆಯ ಬಗ್ಗೆಯೂ ಜನ ಕೇಳುತ್ತಾರೆ. ಅಂದಕ್ಕಾಗಿ ಮಾಡುವ ಸರ್ಜರಿಗೆ ನಮ್ಮಲ್ಲಿ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಗೋಡೆ ನೇರ ಮಾಡುವ ಭಾಗಕ್ಕೆ ಪಾಲಿಸಿಯ ನಿಯಮದಂತೆ ಸಿಗಬಹುದು. ಎರಡರ ಬಿಲ್ಲೂ ಬೇರೆ ಬೇರೆ ಇರಲಿ. ‘ಎಲ್ಲಾ ಗೋಡೆಯ ಲೆಕ್ಕಕ್ಕೇ ಬರೆಯೋಣ’ ಎನ್ನುವ ಕಡೆ ಒಪ್ಪಿಕೊಳ್ಳಬೇಡಿ, ಅದು ವಿಮೆಗೆ ಮಾಡುವ ಮೋಸ, ಸಿಕ್ಕಿಬಿದ್ದರೆ ತೊಂದರೆ ನಿಮಗೇ.

ಎಂಥ ಮೂಗು ಬೇಕು ಎಂದು ಕೇಳಿದರೆ ಬಹಳಷ್ಟು ಹೆಣ್ಣುಮಕ್ಕಳು ಸಂಪಿಗೆ ಮೂಗು ಎನ್ನುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಒಬ್ಬ ನಟಿಯ ಫೋಟೋ ತೋರಿಸುತ್ತಾರೆ. ತೋರಿಸುವುದು ತಪ್ಪಲ್ಲ, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಡಾಕ್ಟರಿಗೆ ತಿಳಿಯುತ್ತದೆ. ಆದರೆ ಮೂಗು ನಿಮ್ಮ ಹಣೆ, ಕೆನ್ನೆ, ಗಲ್ಲಕ್ಕೆ ಹೊಂದಬೇಕು. ಗಲ್ಲ ಒಳಗಿದ್ದರೆ ಮೂಗು ಇರುವುದಕ್ಕಿಂತ ಉದ್ದ ಕಾಣುತ್ತದೆ, ತಪ್ಪು ಮೂಗಿನದಾಗಿರುವುದಿಲ್ಲ. ಚರ್ಮದ ಮಾತಂತೂ ಯಾರೂ ಆಡುವುದೇ ಇಲ್ಲ. ನಮ್ಮ ಕಡೆಯ ಅನೇಕರಿಗೆ ತುದಿಯ ಚರ್ಮ ದಪ್ಪ, ಎಣ್ಣೆ ಜಾಸ್ತಿ. ದಪ್ಪ ಕಂಬಳಿ ಹೊದಿಸಿದರೆ ಕೆಳಗೆ ಏನಿದೆ ಎಂದು ಹೇಗೆ ಗೊತ್ತಾಗುವುದಿಲ್ಲವೋ, ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ದಪ್ಪ ಚರ್ಮದ ಮೇಲೆ ಅಷ್ಟು ಕಾಣುವುದಿಲ್ಲ. ಚರ್ಮ ತೀರಾ ತೆಳುವಾಗಿದ್ದರೆ ಸಣ್ಣ ಅಂಚೂ ಎದ್ದು ಕಾಣುತ್ತದೆ. ಎರಡಕ್ಕೂ ಅದರದರ ಕಷ್ಟ ಇದೆ. ಕಂಪ್ಯೂಟರಿನಲ್ಲಿ ‘ಆಮೇಲೆ ಹೀಗಿರುತ್ತದೆ’ ಎಂದು ತೋರಿಸುವ ಚಿತ್ರ ಮಾತುಕತೆಗೆ ಒಳ್ಳೆಯದು. ಅದು ಭರವಸೆ ಪತ್ರ ಅಲ್ಲ.

ಸರ್ಜರಿ ಬೇಡ, ಇಂಜೆಕ್ಷನ್‌ನಲ್ಲೇ ಉಬ್ಬು ಮುಚ್ಚಿಸಿಕೊಳ್ಳಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಫಿಲ್ಲರ್ ಎಂಬ ಆ ಔಷಧಿ ಉಬ್ಬನ್ನು ತೆಗೆಯುವುದಿಲ್ಲ, ಅದರ ಮೇಲೆ ಕೆಳಗೆ ತುಂಬಿಸಿ ಗೆರೆ ನೇರ ಮಾಡುತ್ತದೆ. ಕೆಲವು ತಿಂಗಳಿಗೆ ಕರಗುತ್ತದೆ. ಅಪಾಯ ಕಡಿಮೆ ಅಂದುಕೊಳ್ಳಬೇಡಿ. ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕ ಇದೆ. ಔಷಧಿ ರಕ್ತನಾಳದೊಳಗೆ ಹೋದರೆ ಚರ್ಮ ಕೊಳೆಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಪಾರ್ಲರ್‌ಗಳಲ್ಲಿ ಇದನ್ನು ಚುಚ್ಚುತ್ತಾರೆ ಎಂದು ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ದಯವಿಟ್ಟು ಆ ಕಡೆ ಹೋಗಬೇಡಿ.

ಅಮ್ಮನ ಭಯಕ್ಕೆ ಬರೋಣ. ಅದನ್ನು ತಳ್ಳಿಹಾಕಬೇಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡ ಸುದ್ದಿ ರಾಜ್ಯದ ಎಲ್ಲ ಮನೆಗಳಲ್ಲೂ ಕೇಳಿತ್ತು. ಅದು ಬೇರೆಯದೇ ಸರ್ಜರಿ, ಆದರೆ ಅಮ್ಮಂದಿರ ಎದೆ ಅಂಥ ವ್ಯತ್ಯಾಸ ನೋಡುವುದಿಲ್ಲ. ಆರೋಗ್ಯವಾಗಿರುವ ನಿಮ್ಮ ವಯಸ್ಸಿನವರಿಗೆ ಈಗಿನ ಅನಸ್ತೇಶಿಯಾದಲ್ಲಿ ಜೀವಕ್ಕೆ ಅಪಾಯ ತುಂಬಾ ಅಪರೂಪ. ಅಪರೂಪವಾಗಿಯೇ ಉಳಿಯಬೇಕಾದರೆ ಜಾಗ ಸರಿಯಾಗಿರಬೇಕು. ಅನಸ್ತೇಶಿಯಾ ಡಾಕ್ಟರ್ ಸರ್ಜರಿ ಮುಗಿಯುವವರೆಗೂ ನಿಮ್ಮ ತಲೆಯ ಹತ್ತಿರವೇ ಇರುತ್ತಾರಾ? ಅಲ್ಲೇ ಐಸಿಯು ಇದೆಯಾ, ಇಲ್ಲದಿದ್ದರೆ ಯಾವ ಆಸ್ಪತ್ರೆಯ ಜೊತೆ ಏರ್ಪಾಡು ಇದೆ? ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು, ಆ ಪ್ರಮಾಣಪತ್ರವನ್ನು ಗೋಡೆಗೆ ಹಾಕಿರಬೇಕು. ಕೆಪಿಎಂಇ ಎಂದು ಬರೆದಿರುತ್ತದೆ. ಅದನ್ನು ಓದಿ, ಯಾವ ಚಿಕಿತ್ಸೆಗೆ ಅನುಮತಿ ಇದೆ ಎಂದು ನೋಡಿ. ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಅದರ ಹೆಸರು ಡಿಆರ್‌ಎನ್‌ಬಿ) ಪದವಿ ಮಾಡಿರಬೇಕು, ಇಲ್ಲವೇ ಇಎನ್‌ಟಿ ಎಂಎಸ್ ಮಾಡಿ ಮೂಗಿನ ಈ ಸರ್ಜರಿಯಲ್ಲೇ ತರಬೇತಿ ಪಡೆದಿರಬೇಕು. ಅವರು ಮಾಡಿದ ಮೂಗುಗಳ ಒಂದು ವರ್ಷದ ನಂತರದ ಫೋಟೋ ಕೇಳಿ. ಒಂದು ತಿಂಗಳ ಫೋಟೋ ಲೆಕ್ಕಕ್ಕಿಲ್ಲ.

‘ಇದೆಲ್ಲ ಫಾರಿನ್ ಹುಚ್ಚು’ ಎಂದು ಮನೆಯಲ್ಲಿ ಯಾರಾದರೂ ಅಂದರೆ ಈ ಸಂಗತಿ ಹೇಳಿ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬ ಮರಾಠಿಯವನು ಸೆರೆಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ನಮ್ಮದೇ ದೇಶದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಮೇತ ಪ್ರಕಟಿಸಿತು. ಅದನ್ನು ಓದಿಯೇ ಅಲ್ಲಿನ ಸರ್ಜನ್ನರು ಈ ಕೆಲಸ ಕಲಿಯಲು ಹೊರಟರು. ಹಣೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವನ್ನು ಕ್ಯಾನ್ಸರ್, ಅಪಘಾತ ಆದವರಿಗೆ ನಾವು ಇವತ್ತಿಗೂ ಬಳಸುತ್ತೇವೆ.

ಸರ್ಜರಿಗೆ ಮೊದಲು ನೀವು ಪಾಲಿಸಬೇಕಾದದ್ದು ಹೆಚ್ಚೇನಿಲ್ಲ. ಆಸ್ಪಿರಿನ್, ಐಬುಪ್ರೊಫೇನ್ ಇರುವ ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತವೆ. ಇವನ್ನು ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೋ ಇನ್ಯಾವುದಕ್ಕೋ ಡಾಕ್ಟರೇ ಬರೆದುಕೊಟ್ಟ ಮಾತ್ರೆಯಾದರೆ ಅವರನ್ನು ಕೇಳದೆ ಬಿಡಬೇಡಿ. ನಾಟಿ ಔಷಧಿ, ಆಯುರ್ವೇದದ ಪುಡಿ, ಮೊಡವೆ ಮಾತ್ರೆ, ಎಲ್ಲವನ್ನೂ ಹೇಳಿ. ಸಿಗರೇಟು, ಗುಟ್ಕಾ ಇದ್ದವರು ಕನಿಷ್ಠ 4 ವಾರ ಮೊದಲೇ ಬಿಡಬೇಕು, ಆಮೇಲೂ ಮುಟ್ಟಬಾರದು. ತಂಬಾಕಿನಿಂದ ತುದಿಯ ಚರ್ಮಕ್ಕೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಆ ದಿನ ಊಟ ಬಿಟ್ಟು 6 ಗಂಟೆ, ನೀರು ಬಿಟ್ಟು 2 ಗಂಟೆ ಆಗಿರಬೇಕು ಎಂಬುದು ಸಾಮಾನ್ಯ ನಿಯಮ. ಉಗುರಿನ ಬಣ್ಣ ತೆಗೆಯಿರಿ, ಬೆರಳ ತುದಿಗೆ ಗಾಢ ಮೆಹಂದಿ ಬೇಡ, ಆಕ್ಸಿಜನ್ ಅಳೆಯುವ ಕ್ಲಿಪ್ ಅಲ್ಲೇ ಹಾಕುತ್ತಾರೆ.

ಮೂಗುತಿ ತೆಗೆಯಲೇಬೇಕು. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಲೋಹ ಇದ್ದರೆ ಸುಡಬಹುದು. ವರ್ಷಗಟ್ಟಲೆ ತೆಗೆಯದ ಮೂಗುತಿಯ ತಿರುಪು ಬಿಗಿದುಕೊಂಡಿರುತ್ತದೆ, ಆಸ್ಪತ್ರೆಯಲ್ಲಿ ಕೊನೆ ಗಳಿಗೆಯಲ್ಲಿ ಎಳೆದಾಡಿದರೆ ಚರ್ಮ ಹರಿಯುತ್ತದೆ. ಒಂದು ವಾರ ಮೊದಲೇ ನಿಮ್ಮ ಅಕ್ಕಸಾಲಿಗರ ಹತ್ತಿರ ಹೋಗಿ ಬಿಡಿಸಿಕೊಂಡು ಬನ್ನಿ. ಮತ್ತೆ ಹಾಕಿಕೊಳ್ಳಲು ಕನಿಷ್ಠ 6 ವಾರ ಬೇಕು. ಹೊಳ್ಳೆ ಕಿರಿದು ಮಾಡಿಸಿದ್ದರೆ ಇನ್ನೂ ತಡ. ಹಳೆಯ ತೂತು ಸ್ವಲ್ಪ ಕಿರಿದಾಗುತ್ತದೆ, ಕೆಲವರಿಗೆ ಮುಚ್ಚಿಯೂ ಹೋಗುತ್ತದೆ. ಮುಚ್ಚದಿರಲಿ ಎಂದು ಬೇವಿನ ಕಡ್ಡಿ, ಪೊರಕೆ ಕಡ್ಡಿ ತೂರಿಸಬೇಡಿ, ಸೋಂಕಾಗುತ್ತದೆ. ಮುಚ್ಚಿಹೋದರೆ ಮೂರರಿಂದ ಆರು ತಿಂಗಳು ಬಿಟ್ಟು, ಡಾಕ್ಟರ್ ಒಪ್ಪಿದ ಜಾಗದಲ್ಲಿ ಹೊಸದಾಗಿ ಚುಚ್ಚಿಸಬಹುದು. ಮದುವೆಯ ಮುಂಚೆ ಸರ್ಜರಿ ಬೇಡ ಎನ್ನಲು ಇದೂ ಒಂದು ಕಾರಣ. ಧಾರೆಯ ದಿನ ಮೂಗುತಿ ಕೂರದಿದ್ದರೆ ಮನೆಮಂದಿಗೆಲ್ಲ ಅದೇ ಮಾತಾಗುತ್ತದೆ.

ನೋವು ನೀವು ಅಂದುಕೊಂಡಷ್ಟು ಇರುವುದಿಲ್ಲ. ಬಹಳಷ್ಟು ಜನರಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ನಿಜವಾಗಿ ಹಿಂಸೆ ಕೊಡುವುದು ಮೂಗು ಕಟ್ಟಿರುವುದು. ಮೊದಲ ಎರಡು ಮೂರು ರಾತ್ರಿ ಬಾಯಲ್ಲೇ ಉಸಿರಾಡಬೇಕು, ಗಂಟಲು ಒಣಗುತ್ತದೆ, ಸರಿಯಾಗಿ ನಿದ್ದೆ ಬರುವುದಿಲ್ಲ. ಹಾಸಿಗೆ ಪಕ್ಕ ನೀರಿನ ಬಾಟಲಿ ಇರಲಿ. ಎರಡು ಮೂರು ದಿಂಬು ಇಟ್ಟು ತಲೆ ಎತ್ತರದಲ್ಲಿ ಮಲಗಿ. ಕಣ್ಣಿನ ಸುತ್ತ ನೀಲಿಗಟ್ಟುತ್ತದೆ, ಎರಡು ಮೂರನೇ ದಿನ ಅದು ಜಾಸ್ತಿ, ಎರಡು ವಾರದಲ್ಲಿ ಹೋಗುತ್ತದೆ. ಮೊದಲು ಮೂಗಿಗೆ ಉದ್ದದ ಬಟ್ಟೆಪಟ್ಟಿ ತುರುಕಿ, ತೆಗೆಯುವಾಗ ಜನ ಚೀರುವಂತಾಗುತ್ತಿತ್ತು. ಈಗ ಅನೇಕ ಕಡೆ ಅದನ್ನು ಬಿಟ್ಟಿದ್ದಾರೆ, ಬೇಕಾದರೆ ಮೆತ್ತನೆಯ ಸಿಲಿಕೋನ್ ಹಾಳೆ ಇಡುತ್ತಾರೆ.

ಮೂಗು ಸೀಟಬೇಡಿ, ಎರಡು ವಾರ ಪೂರ್ತಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲಿಸಿ ಸೀನಿ. ದಾವಣಗೆರೆಯ ಮಂಡಕ್ಕಿ ಮಿರ್ಚಿ ಅಷ್ಟು ದಿನ ಬೇಡ, ಖಾರಕ್ಕೆ ಮೂಗು ಸೋರುತ್ತದೆ. ಬಗ್ಗಿ ನೆಲ ಒರೆಸುವುದು, ಭಾರ ಎತ್ತುವುದು, ದೇವಸ್ಥಾನದಲ್ಲಿ ಅಡ್ಡಬೀಳುವುದು ಎಲ್ಲ ಮೂರು ವಾರ ನಿಲ್ಲಲಿ. ಮನೆಯೊಳಗೆ ಓಡಾಡುವುದು ಮಾರನೇ ದಿನದಿಂದಲೇ ಒಳ್ಳೆಯದು. ಕನ್ನಡಕ ಇದ್ದರೆ 4ರಿಂದ 6 ವಾರ ಮೂಗಿನ ಮೇಲೆ ಭಾರ ಬೀಳುವಂತಿಲ್ಲ, ಹಣೆಗೆ ಟೇಪ್ ಹಾಕಿ ತೂಗು ಹಾಕಬೇಕು, ಇಲ್ಲವೇ ಲೆನ್ಸ್. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವಾಗ ತೆಗೆಯುವಾಗ ಮೂಗಿಗೆ ತಾಗುತ್ತದೆ. ಹೆಲ್ಮೆಟ್ ಇಲ್ಲದೆ ಹೋಗುವ ಮಾತೇ ಇಲ್ಲ, ಆದ್ದರಿಂದ 6 ವಾರ ಸ್ಕೂಟರನ್ನೇ ಬಿಡಿ, ಬಸ್ಸು ಮೆಟ್ರೋದಲ್ಲಿ ಓಡಾಡಿ.

ನಂಜಿನ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೀನು ಮೊಟ್ಟೆ ನಂಜು ಎಂದು ಬರೀ ಗಂಜಿ ಕೊಟ್ಟು ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಗಾಯ ಮಾಯಲು ಪ್ರೋಟೀನ್ ಬೇಕು. ಬೇಳೆ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಎಲ್ಲ ತಿನ್ನಿ. ಇವುಗಳಿಂದ ಗಾಯ ಕೀವಾಗುವುದಿಲ್ಲ. ಮೊದಲ ವಾರ ಮೆತ್ತಗಿರಲಿ, ಯಾಕೆಂದರೆ ಜೋರಾಗಿ ಅಗಿದರೆ ಮೇಲ್ತುಟಿ ಎಳೆಯುತ್ತದೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೆ ಊತಕ್ಕೆ ಒಳ್ಳೆಯದು. ಹೊಳ್ಳೆಗೆ ಕೊಬ್ಬರಿ ಎಣ್ಣೆ, ತುಪ್ಪ ಬಿಡುವುದು ಬೇಡ, ಬಿಸಿ ಹಬೆಯೂ ಬೇಡ. ಡಾಕ್ಟರ್ ಕೊಟ್ಟ ಉಪ್ಪುನೀರಿನ ಸ್ಪ್ರೇ ಸಾಕು.

ಸುಮಾರು ಏಳನೇ ದಿನ ಪ್ಲಾಸ್ಟರ್ ತೆಗೆಯುತ್ತಾರೆ. ಅವತ್ತು ಏನು ಕಾಣುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಟೇಪನ್ನು ಒದ್ದೆ ಮಾಡಿ ನಿಧಾನಕ್ಕೆ ಬಿಡಿಸುತ್ತಾರೆ. ಕೆಳಗಿನ ಚರ್ಮ ಅಂಟಂಟು, ಒಂದು ವಾರದ ಎಣ್ಣೆ, ಕಪ್ಪು ಚುಕ್ಕೆ, ಒಂದೆರಡು ಮೊಡವೆ. ಕೈಗೆ ಕನ್ನಡಿ ಕೊಡುತ್ತಾರೆ. ಉಬ್ಬು ಹೋಗಿರುತ್ತದೆ, ಆದರೆ ನಿಮ್ಮ ಕಣ್ಣು ಅದನ್ನು ನೋಡುವುದಿಲ್ಲ. ತುದಿ ಅತಿಯಾಗಿ ಮೇಲೆದ್ದಿದೆ, ಹುಬ್ಬುಗಳ ನಡುವೆ ಅಗಲ ಇದೆ, ಒಂದು ಪಕ್ಕ ಇನ್ನೊಂದಕ್ಕಿಂತ ಊದಿದೆ, ಅದೇ ಕಾಣುತ್ತದೆ. ನಕ್ಕರೆ ಮೇಲ್ತುಟಿ ಬಿಗಿದು ನಗು ಬೇರೆಯವರದ್ದು ಅನ್ನಿಸುತ್ತದೆ. ತುದಿ ಮುಟ್ಟಿದರೆ ಸ್ಪರ್ಶವೇ ಇಲ್ಲ, ಮೇಲಿನ ಮುಂದಿನ ಹಲ್ಲುಗಳೂ ಜೋಮು ಹಿಡಿದಂತೆ. ವಾಸನೆ ಸರಿಯಾಗಿ ಬರುವುದಿಲ್ಲ. ಇದೆಲ್ಲ ಸಾಮಾನ್ಯವಾಗಿ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಎತ್ತಿ ನಿಲ್ಲಿಸಿದ ತುದಿ ಸ್ವಲ್ಪ ಇಳಿಯುತ್ತದೆ, ಅದನ್ನು ಲೆಕ್ಕ ಹಾಕಿಯೇ ಎತ್ತಿರುತ್ತಾರೆ.

ಅವತ್ತಿನಿಂದ ಒಂದೆರಡು ವಾರ ಮನಸ್ಸು ಕುಸಿಯುವುದು ತುಂಬಾ ಜನರಿಗೆ ಆಗುತ್ತದೆ. ನಿದ್ದೆಯಿಲ್ಲ, ಮುಖ ಪರಿಚಯವಿಲ್ಲ, ನೋಡಲು ಬಂದವರು ‘ಮೊದಲೇ ಚೆನ್ನಾಗಿತ್ತಲ್ಲೇ’ ಎಂದು ಹೇಳಿ ಹೋಗುತ್ತಾರೆ. ನಂಬಿಕೆಯ ಒಬ್ಬರನ್ನು, ಅಕ್ಕನೋ ಗೆಳತಿಯೋ, ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ನೆಂಟರಿಷ್ಟರನ್ನು ಮೂರು ವಾರ ದೂರ ಇಡಿ. ದಿನಾ ಕ್ಲೋಸಪ್ ಫೋಟೋ ತೆಗೆಯಬೇಡಿ, ತಿಂಗಳಿಗೊಂದು ಸಾಕು. ಮೂರು ತಿಂಗಳ ಫೋಟೋವನ್ನು ಮೊದಲ ತಿಂಗಳದ್ದರ ಪಕ್ಕ ಇಟ್ಟಾಗ ಬದಲಾವಣೆ ನಿಮಗೇ ಗೊತ್ತಾಗುತ್ತದೆ. ಎರಡು ವಾರ ಕಳೆದರೂ ಊಟ ಬೇಡ, ಮಾತು ಬೇಡ ಅನ್ನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಕಾಯದೆ ಫೋನ್ ಮಾಡಬೇಕಾದ ಲಕ್ಷಣಗಳನ್ನು ಅಮ್ಮನಿಗೂ ಓದಿ ಹೇಳಿ. ತಲೆ ಮುಂದಕ್ಕೆ ಬಾಗಿಸಿ 15-20 ನಿಮಿಷ ಕೂತರೂ ನಿಲ್ಲದ ರಕ್ತ. ಜ್ವರ. ದಿನದಿನಕ್ಕೆ ಕಡಿಮೆಯಾಗಬೇಕಾದ ನೋವು ಹೆಚ್ಚಾಗುತ್ತಾ ಎರಡೂ ಹೊಳ್ಳೆ ಪೂರ್ತಿ ಕಟ್ಟಿಕೊಳ್ಳುವುದು. ಹೀಗಾದರೆ ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಬೇಗ ತೆಗೆಯದಿದ್ದರೆ ಗೋಡೆಯೇ ಹಾಳಾಗುತ್ತದೆ. ತುದಿಯ ಚರ್ಮ ಕಪ್ಪಾಗುವುದು, ದೃಷ್ಟಿ ಮಂಜಾಗುವುದು, ವಿಪರೀತ ತಲೆನೋವಿನ ಜೊತೆ ಮೂಗಿನಿಂದ ತಿಳಿನೀರು ಸೋರುವುದು. ಕೊನೆಯ ಮೂರೂ ಅಪರೂಪ, ಆದರೆ ರಾತ್ರಿ ಎರಡು ಗಂಟೆಯಾದರೂ ಕರೆ ಮಾಡಬೇಕಾದವು.

ಇಷ್ಟವಾಗದಿದ್ದರೆ ಏನು ಎಂದು ಕೇಳಿದ್ದೀರಿ. ಮೂಗಿನ ಸರ್ಜರಿಯಲ್ಲಿ ಎರಡನೇ ಸಲ ಮಾಡಬೇಕಾಗುವುದು 100ರಲ್ಲಿ ಸುಮಾರು 5ರಿಂದ 15 ಜನರಿಗೆ, ಒಳ್ಳೆಯ ಕೈಗಳಲ್ಲೂ ಇದು ತಪ್ಪಿದ್ದಲ್ಲ. ಹೆಚ್ಚಿನವು ಸಣ್ಣ ತಿದ್ದುಪಡಿಗಳು, ಒಂದು ಅಂಚು ಉಜ್ಜುವುದು, ಒಂದು ತಗ್ಗು ತುಂಬುವುದು. ಆದರೆ ಒಂದು ವರ್ಷ ಆಗುವವರೆಗೆ ಮತ್ತೆ ಕೈ ಹಾಕಬಾರದು. ಊತದ ಮೇಲೆ ಮಾಡಿದ ತಿದ್ದುಪಡಿ ಊತ ಇಳಿದ ಮೇಲೆ ಹೊಸ ಕೊರೆಯಾಗುತ್ತದೆ. ಎರಡನೇ ಸಲ ಒಳಗೆಲ್ಲ ಗಾಯದ ಅಂಟು ಇರುವುದರಿಂದ ಕೆಲಸವೂ ಕಷ್ಟ, ಕಾರ್ಟಿಲೇಜೂ ಕಡಿಮೆ ಉಳಿದಿರುತ್ತದೆ. ಹಾಗಾಗಿ ಮೊದಲ ಸಲ ಹಣ ಕಟ್ಟುವ ಮುಂಚೆಯೇ ಕೇಳಿ: ತಿದ್ದುಪಡಿ ಬೇಕಾದರೆ ನೀವೇ ಮಾಡುತ್ತೀರಾ? ಸರ್ಜನ್ ಫೀಸ್ ಇರುತ್ತದಾ? ಆಸ್ಪತ್ರೆ, ಅನಸ್ತೇಶಿಯಾ ಖರ್ಚು ಯಾರದ್ದು? ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಆ ದಿನ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.